ಮಂಗಳ ಗ್ರಹದಲ್ಲಿ ಗಾಳಿಯ ಒಡೆಯರಾರು?

ಮಂಗಳ ಗ್ರಹದಲ್ಲಿ ವಸಾಹತು ಹೂಡುತ್ತೇವೆ, ಅದು ಸ್ವಂತ ದುಡಿಮೆಯಿಂದಲೇ ಬಾಳುತ್ತದೆ ಎಂದು ಧನಿಕರು ಸಾರುತ್ತಿದ್ದಾರೆ. ಮಿತ್ರರೇ, ಅಂಗಡಿಯ ಲೆಕ್ಕದಂತೆಯೇ ನೋಡೋಣ. ಸರಕು ಹೊರಡಲು ಅನುಕೂಲ ಕಾಲ ಬರುವುದು 26 ತಿಂಗಳಿಗೊಮ್ಮೆ. ದಾರಿ ಆರೇಳು ತಿಂಗಳು. ಯಂತ್ರದ ಒಂದು ಬಿಡಿಭಾಗ ಮುರಿದರೂ ವರ್ಷಗಟ್ಟಲೆ ಕಾಯಬೇಕು.

ಅಮೆರಿಕದ ನಾಸಾ ಕಳಿಸಿದ ಯಂತ್ರವೊಂದು 2021ರಿಂದ 2023ರವರೆಗೆ ಅಲ್ಲಿನ ಗಾಳಿಯಿಂದ ತೆಗೆದ ಆಮ್ಲಜನಕ ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ದಿನಕ್ಕೇ 800 ಗ್ರಾಂ ಬೇಕು. ಅದು ಪರೀಕ್ಷೆಯ ಚಿಕ್ಕ ಯಂತ್ರ, ನಿಜ. ನಾಳೆ ದೊಡ್ಡದೂ ಬಂದೀತು. ಆದರೆ ಅದರ ಒಡೆಯರಾರು?

ಹಣವಿಲ್ಲದವರು ಸಾಲ ಪಡೆದು ಹೋಗಬಹುದು, ಅಲ್ಲಿ ಕೆಲಸ ಬೇಕಾದಷ್ಟಿದೆ ಎಂದು ರಾಕೆಟ್ ಕಂಪನಿಯ ಧಣಿ ಎಲಾನ್ ಮಸ್ಕ್ 2020ರಲ್ಲಿ ಹೇಳಿದರು. ಗಿರಣಿಯಲ್ಲಿ ಮುಷ್ಕರ ಹೂಡಿದರೆ ಕೂಲಿ ನಿಲ್ಲುತ್ತದೆ. ಅಲ್ಲಿ ಉಸಿರೇ ನಿಂತೀತು. ಗಾಳಿ ಸರ್ವರ ಸೊತ್ತಾಗದ ವಸಾಹತಿನಲ್ಲಿ ನಡೆಯುವುದು ದುಡಿಮೆಯಲ್ಲ, ಜೀತ.