ರಸ್ತೆಯ ಏರಿ ಕುಸಿದರೆ ತಪ್ಪು ಯಾರದು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಹೊಸಪೇಟೆ, ಕಂಪ್ಲಿ ಭಾಗದ ರೈತರೆಲ್ಲ ಗಾಬರಿಗೊಂಡರು. ಸದ್ದಿಲ್ಲದೆ ಕುಸಿಯುವ ರಸ್ತೆಯ ಏರಿಗಳ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕೊಯ್ಲಿನ ಹೊತ್ತಿಗೆ ರಸ್ತೆ ಕುಸಿದರೆ ಭತ್ತದ ಲಾರಿ ಕಣದವರೆಗೆ ಬಾರದು.

ಕಂಪ್ಲಿಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಬಿರುಕಿಗೆ ಮಳೆನೀರು ಇಳಿದರೆ ಏರಿಯ ಮಗ್ಗುಲು ಜಾರುತ್ತದೆ. ಗುತ್ತಿಗೆದಾರರು ಗದ್ದೆಯ ನೀರನ್ನು ದೂರುತ್ತಾರೆ, ರೈತರು ಕಳಪೆ ಕೆಲಸವನ್ನು. ನನಗೆ ಕಂಡಂತೆ ಇಬ್ಬರದೂ ಅರ್ಧ ಸತ್ಯ. ಸಾಕಷ್ಟು ಮೋರಿ ಇಡದೆ ಏರಿ ಹಾಕುವುದು ಕಟ್ಟುವವರ ತಪ್ಪು. ಏರಿಯ ಬುಡದವರೆಗೆ ಟ್ರಾಕ್ಟರ್ ಹೊಡೆದು, ಮಣ್ಣು ಕೆತ್ತಿ, ಗದ್ದೆಯ ನೀರನ್ನು ಅದಕ್ಕೇ ತಾಗಿಸಿ ನಿಲ್ಲಿಸುವುದು ನಮ್ಮ ತಪ್ಪು. ಬುಡದಲ್ಲಿ ಬಸಿಗಾಲುವೆ ಬಿಡಿ. ಇಳಿಜಾರಿಗೆ ಲಾವಂಚ ನೆಟ್ಟರೆ ಅದರ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ.

ಸಂಡೂರಿನ ಗುಡ್ಡದ ದಾರಿಯ ಕಥೆ ಬೇರೆ. ಅಲ್ಲಿ ಕೆಂಪು ಮಣ್ಣು, ರಭಸದ ನೀರು. ಮೋರಿಯ ಬಾಯಿಗೆ ಕಲ್ಲುಹಾಸು ಇಲ್ಲದಿದ್ದರೆ ಕೆಳಗಿನ ಹೊಲದಲ್ಲಿ ಕೊರಕಲು ಬೀಳುತ್ತದೆ. ತಡೆಗೋಡೆಯ ಹಿಂದೆ ನೀರು ನಿಂತರೆ ಗೋಡೆ ಹೊಟ್ಟೆ ಬಿಡುತ್ತದೆ. ಹಂಪಿಯ ಗಾರೆಯಿಲ್ಲದ ಕಲ್ಲುಗೋಡೆಗಳಲ್ಲಿ ಸಂದುಗಳಿಂದಲೇ ನೀರು ಹೊರಬೀಳುತ್ತದೆ. ಸಿಮೆಂಟ್ ಗೋಡೆಗೆ ತೂತು ಬೇಕೇ ಬೇಕು. ಆ ತೂತು ಮುಚ್ಚಿದ್ದು ಕಂಡರೆ ಮಳೆಗಾಲಕ್ಕೆ ಮುಂಚೆಯೇ ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.