ಚರಂಡಿಯ ಹೂಳು ಮತ್ತು ಹೊಣೆಗಾರಿಕೆ

ಬಳ್ಳಾರಿ ಸೀಮೆಯಲ್ಲಿ ಮಳೆ ಬಿರುಸಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ. 2009ರ ನೆರೆ ಬಂದದ್ದೂ ಆ ತಿಂಗಳ ಕೊನೆಯಲ್ಲೇ. ಅಂದರೆ ಕುಡತಿನಿಯಂತಹ ಪಟ್ಟಣಗಳಲ್ಲಿ ಚರಂಡಿಯ ಹೂಳೆತ್ತಲು ಬೇಸಿಗೆಯಿಡೀ ಕಾಲಾವಕಾಶವಿದೆ. ಆದರೆ ತಗ್ಗಿನಲ್ಲಿರುವ ಬಡವರ ಮನೆಗೆ ನೀರು ನುಗ್ಗಿದ ಬಳಿಕವೇ ಆಡಳಿತ ಎಚ್ಚರಗೊಳ್ಳುವುದು ನಮ್ಮ ಪಟ್ಟಣಗಳ ವಾಡಿಕೆ. ಎತ್ತಿದ ಹೂಳನ್ನು ಅಂಚಿನಲ್ಲೇ ಬಿಟ್ಟರೆ ಮುಂದಿನ ಮಳೆ ಅದನ್ನು ಪುನಃ ಚರಂಡಿಗೇ ಇಳಿಸುತ್ತದೆ.

1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ ಚರಂಡಿಯ ನಿರ್ಮಾಣ, ನಿರ್ವಹಣೆ ಸ್ಥಳೀಯ ಸಂಸ್ಥೆಯ ಕರ್ತವ್ಯ. ಯಾರ ಔದಾರ್ಯವೂ ಅಲ್ಲ. ಆದರೆ ಚರಂಡಿಗೆ ಪ್ಲಾಸ್ಟಿಕ್ ಎಸೆದವರು, ಅದರ ಮೇಲೆ ಕಟ್ಟೆ ಕಟ್ಟಿದವರು ನಾವೇ ಅಲ್ಲವೇ? ಮೊದಲು ನಮ್ಮ ಮನೆ ಮುಂದಿನ ತಡೆಯನ್ನು ತೆಗೆಯೋಣ. ಬಳಿಕ ಓಣಿಯವರೆಲ್ಲ ಸೇರಿ, ಮಳೆಗೆ ಮುನ್ನವೇ, ಲಿಖಿತ ಮನವಿಯೊಂದಿಗೆ ಪಟ್ಟಣ ಪಂಚಾಯತಿಯ ಬಾಗಿಲು ತಟ್ಟೋಣ. ಆಗ ನಮ್ಮ ಪ್ರಶ್ನೆಗೆ ನೈತಿಕ ಬಲವಿರುತ್ತದೆ.