ತಂತಿ ಬಿಚ್ಚಿದ ಮೇಲೆ

ನಮ್ಮ ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠೆಯಾದುದು. ಅಲ್ಲಿಯ ದರ್ಪಣಸುಂದರಿಯು ಇಂದಿಗೂ ಕನ್ನಡಿ ಹಿಡಿದು ನಿಂತಿದ್ದಾಳೆ. ಶಿಲ್ಪಿಯು ಕಡೆದ ಕಲ್ಲು ಕಡೆದಂತೆಯೇ ನಿಲ್ಲುವುದು. ವೈದ್ಯರು ನೆಟ್ಟಗೆ ಮಾಡಿದ ಹಲ್ಲು ಹಾಗೆ ನಿಲ್ಲುವುದಿಲ್ಲ.

ಮಗಳ ಸೊಟ್ಟಹಲ್ಲಿಗಾಗಿ ತಾಯಿತಂದೆಗಳು ವರ್ಷಗಟ್ಟಲೆ ಹಾಸನಕ್ಕೆ ಅಲೆದು, ಹಣ ವೆಚ್ಚಮಾಡಿ, ತಂತಿ ಬಿಚ್ಚಿದ ದಿನವೇ ಕೆಲಸ ಮುಗಿಯಿತೆಂದು ಭಾವಿಸುವರು. ಇದು ತಪ್ಪೆಂದು ನಮ್ಮ ಅಭಿಪ್ರಾಯ. ಹಲ್ಲನ್ನು ಮೂಳೆಗೂ ವಸಡಿಗೂ ಬಿಗಿದಿರುವ ನಾರುಗಳು ಹೊಸ ಸ್ಥಾನಕ್ಕೆ ಹೊಂದಿಕೊಳ್ಳಲು ಹಲವು ತಿಂಗಳು ಬೇಕು. ವಸಡಿನ ನಾರುಗಳಿಗೆ ವರ್ಷವೇ ಹಿಡಿಯಬಹುದು. ಅಷ್ಟರೊಳಗೆ ಆಧಾರ ತಪ್ಪಿದರೆ ಹಲ್ಲು ಹಳೆಯ ಸ್ಥಳಕ್ಕೆ ಸರಿಯತೊಡಗುವುದು. ಆ ಆಧಾರವೇ ರಿಟೇನರ್.

ಸಾಮಾನ್ಯವಾಗಿ ಇದನ್ನು ಮೊದಲು ಹಗಲಿರುಳೂ, ಬಳಿಕ ರಾತ್ರಿ ಮಾತ್ರವೂ, ವೈದ್ಯರು ಹೇಳಿದಷ್ಟು ಕಾಲ ಧರಿಸತಕ್ಕದ್ದು. ಊಟಕ್ಕೆ ತೆಗೆದಾಗ ಡಬ್ಬಿಯಲ್ಲಿಡಬೇಕು. ಕಾಗದದಲ್ಲಿ ಸುತ್ತಿಟ್ಟದ್ದು ಎಂಜಲೆಲೆಯೊಡನೆ ತಿಪ್ಪೆಗೆ ಹೋಗುವುದು. ತಣ್ಣೀರಿನಲ್ಲಿ ಮೃದುವಾದ ಬ್ರಷ್ಷಿನಿಂದ ತೊಳೆಯಬೇಕು. ಬಿಸಿನೀರು ತಗಲಿದರೆ ಪ್ಲಾಸ್ಟಿಕ್ಕು ಸೊಟ್ಟಗಾಗಿ ಬಾಯಿಗೆ ಕೂಡದು.

ಗೆಳತಿಯರು ನಗುವರೆಂಬ ನಾಚಿಕೆಯಿಂದ ಬಾಲೆಯರು ಇದನ್ನು ಚೀಲದ ತಳದಲ್ಲಿ ಅಡಗಿಸುವುದುಂಟು. ಅವರನ್ನು ಗದರಿಸಿ ಫಲವಿಲ್ಲ. ತಂತಿಗೆ ಹಣವಿತ್ತ ತಂದೆಯು ಮಲಗುವ ಹೊತ್ತಿಗೆ, “ಹಾಕಿಕೊಂಡೆಯಾ, ಮಗಳೇ?” ಎಂದು ಒಂದು ಮಾತು ಕೇಳಲಿ. ಡಬ್ಬಿಯನ್ನು ತೆರೆದಿಟ್ಟು ಊಟಕ್ಕೆ ಕುಳಿತ ಹುಡುಗಿಯನ್ನು ನೋಡಿ ಯಾರೂ ನಗದಿರಲಿ. ಹಳೆಯ ವಿದ್ಯಾರ್ಥಿನಿಯರೇ, ಚಿಕ್ಕ ಕೆಲಸದಲ್ಲಿಯೂ ನಂಬಿಗಸ್ತರಾಗಿರುವುದನ್ನಲ್ಲವೇ ಈ ಶಾಲೆಯು ನಮಗೆ ಕಲಿಸಿದ್ದು? ಅದನ್ನು ನಮ್ಮ ಹೆಣ್ಣುಮಕ್ಕಳಿಗೂ ಕಲಿಸೋಣ.